ಹಲ್ಲಿನ ಡಾಕ್ಟರ ಭಯ: ಯಾವ ಹೆದರಿಕೆಗೆ ಯಾವ ದಾರಿ?

ಹಲ್ಲುನೋವು ಶುರುವಾದರೆ ಕಾಸರಗೋಡಿನ ಕಡೆ ಎಲ್ಲರೂ ಮೊದಲು ವಿಚಾರಿಸುವುದು "ಒಳ್ಳೆಯ ಡಾಕ್ಟರು ಯಾರು?" ಎಂದು. ಹೆದರುವವರ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. "ನನಗೆ ಹೆದರಿಕೆ ಯಾವುದರದ್ದು?" ಎನ್ನುವುದು ಮೊದಲನೆಯದು. ಸೂಜಿಗೆ ಹೆದರುವವರಿಗೆ ಹೊಂದುವ ಏರ್ಪಾಡು ವಾಕರಿಕೆಗೆ ಹೆದರುವವರಿಗೆ ಹೊಂದುವುದಿಲ್ಲ. ಬೈಗುಳಕ್ಕೆ ಹೆದರುವವರಿಗೆ ನಿದ್ದೆಯ ಮದ್ದು ಕೊಟ್ಟು ಪ್ರಯೋಜನವಿಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕಿನವರಿಗೆ ಸರಕಾರಿ ಆಸ್ಪತ್ರೆ, ಊರಿನ ಕ್ಲಿನಿಕ್, ದಂತ ಕಾಲೇಜು, ಕೇರಳ–ಕರ್ನಾಟಕ ಗಡಿಯ ತಲಪಾಡಿ ದಾಟಿದರೆ ಮಂಗಳೂರು ಎಂದು ದಾರಿಗಳು ಬೇಕಾದಷ್ಟಿವೆ. ಭಯದ ಮೂಲ ಗೊತ್ತಾಗದೆ ಅವುಗಳಲ್ಲಿ ಒಂದನ್ನು ಆರಿಸಿದರೆ ಅರ್ಧದಲ್ಲಿ ಎದ್ದು ಬರುವುದೇ ಹೆಚ್ಚು.

ಹುಳುಕು ಹಲ್ಲಿನ ಹೊರಪದರದಲ್ಲಿ ಇರುವಷ್ಟು ದಿನ ನೋವಿಲ್ಲ. ಆಗ ಹೋದರೆ ಎಷ್ಟೋ ಸಲ ಇಂಜೆಕ್ಷನ್ನೂ ಇಲ್ಲದೆ 20–30 ನಿಮಿಷದಲ್ಲಿ ತುಂಬಿಸಿ ಕಳಿಸುತ್ತಾರೆ. ಎರಡನೆಯ ಪದರಕ್ಕೆ ಇಳಿದರೆ ತಣ್ಣೀರು, ಸಿಹಿ ತಾಗಿದಾಗ ಜುಮ್ಮೆನ್ನುತ್ತದೆ. ನರ ಮುಟ್ಟಿದರೆ ರೂಟ್ ಕೆನಾಲ್ (ಒಳಗಿನ ನರ ತೆಗೆದು ಬೇರಿನ ನಾಳ ತುಂಬಿಸುವುದು) ಬೇಕು. ಕೀವಾಗಿ ಕೆನ್ನೆ ಊದಿದ ಮೇಲೆ ಮರಗಟ್ಟಿಸುವ ಇಂಜೆಕ್ಷನ್ನೇ ಸರಿಯಾಗಿ ಹಿಡಿಯುವುದಿಲ್ಲ. ಇದಕ್ಕೆ ಕಾರಣವಿದೆ. ಆ ಇಂಜೆಕ್ಷನ್ನಿನಲ್ಲಿರುವ ಮದ್ದು ಲಿಗ್ನೊಕೇನ್ ನರದ ಪೊರೆ ದಾಟಿ ಒಳಗೆ ಹೋಗಬೇಕಾದರೆ ವಿದ್ಯುದಂಶವಿಲ್ಲದ ರೂಪದಲ್ಲಿರಬೇಕು. ಕೀವು ತುಂಬಿದ ಜಾಗ ಆಮ್ಲೀಯವಾಗಿರುವುದರಿಂದ ಆ ರೂಪದಲ್ಲಿ ಉಳಿಯುವ ಮದ್ದಿನ ಪಾಲು ತೀರಾ ಕಡಿಮೆಯಾಗುತ್ತದೆ. "ಇಂಜೆಕ್ಷನ್ ಕೊಟ್ಟರೂ ಜೀವ ಹೋಗುವಷ್ಟು ನೋವಾಯಿತು" ಎಂಬ ಮಾತುಗಳಲ್ಲಿ ಹೆಚ್ಚಿನವು ಹೀಗೆ ತಡವಾಗಿ ಹೋದವರ ಮಾತು. ಅದನ್ನು ಕೇಳಿದ ಮನೆಯವರು ಇನ್ನಷ್ಟು ತಡ ಮಾಡುತ್ತಾರೆ.

ನಡುವೆ ಮೆಡಿಕಲ್ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗುವ ಅಭ್ಯಾಸ ಬೇರೆ ಇದೆ. ನರ ಪೂರ್ತಿ ಸತ್ತಾಗ ನೋವು ತಾನಾಗಿಯೇ ನಿಲ್ಲುತ್ತದೆ, ಮಾತ್ರೆಯಿಂದ ಗುಣವಾಯಿತು ಎಂದು ನಂಬಿಕೆ ಬರುತ್ತದೆ. ಬೇರಿನ ತುದಿಯಲ್ಲಿ ಕೀವು ಸದ್ದಿಲ್ಲದೆ ಬೆಳೆಯುತ್ತಲೇ ಇರುತ್ತದೆ. ಹಲ್ಲಿಗೆ ಲವಂಗದ ಎಣ್ಣೆ ಹಚ್ಚಿದರೆ ಒಂದೆರಡು ಗಂಟೆ ಸಮಾಧಾನ ಸಿಗಬಹುದು, ಆದರೆ ಹತ್ತಿಯಲ್ಲಿ ಅದ್ದಿ ವಸಡಿನ ಮೇಲೆ ಇಟ್ಟುಕೊಂಡರೆ ವಸಡು ಸುಟ್ಟು ಬೆಳ್ಳಗಾಗುತ್ತದೆ.

ನಿಮ್ಮ ಭಯ ಎಷ್ಟು ದೊಡ್ಡದು?

ದಂತವೈದ್ಯರು ಭಯ ಅಳೆಯಲು ಬಳಸುವ ಐದು ಪ್ರಶ್ನೆಗಳ ಒಂದು ಪಟ್ಟಿ ಇದೆ. ಮನೆಯಲ್ಲೇ ಮಾಡಬಹುದು. ನಾಳೆ ಹಲ್ಲಿನ ಡಾಕ್ಟರಲ್ಲಿಗೆ ಹೋಗಲಿಕ್ಕಿದೆ ಎಂದಾಗ, ಹೊರಗಿನ ಕುರ್ಚಿಯಲ್ಲಿ ಕಾಯುವಾಗ, ಡ್ರಿಲ್ ಮಾಡಲು ಹೊರಟಾಗ, ಹಲ್ಲು ಕ್ಲೀನ್ ಮಾಡುವಾಗ, ಮೇಲಿನ ದವಡೆ ಹಲ್ಲಿನ ವಸಡಿಗೆ ಇಂಜೆಕ್ಷನ್ ಕೊಡುವಾಗ ಎಷ್ಟು ಹೆದರಿಕೆ ಆಗುತ್ತದೆ? ಪ್ರತಿಯೊಂದಕ್ಕೂ 1ರಿಂದ 5ರ ತನಕ ಅಂಕ ಕೊಡಿ. 1 ಅಂದರೆ ಏನೂ ಇಲ್ಲ, 5 ಅಂದರೆ ವಿಪರೀತ. ಒಟ್ಟು 25ರಲ್ಲಿ 19 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ತೀವ್ರ ಭಯ. ಅಂಥವರಿಗೆ "ಧೈರ್ಯ ಮಾಡಿ" ಎಂದು ಹೇಳಿದರೆ ಸಾಲದು, ಮುಂದೆ ಹೇಳುವ ಗ್ಯಾಸ್, ಮಾತ್ರೆಗಳ ವಿಚಾರವನ್ನು ಡಾಕ್ಟರೊಂದಿಗೆ ಮಾತಾಡಬೇಕು. ಒಟ್ಟು ಅಂಕಕ್ಕಿಂತಲೂ ಯಾವ ಪ್ರಶ್ನೆಗೆ 5 ಬಂತು ಎನ್ನುವುದು ಆಯ್ಕೆಗೆ ಹೆಚ್ಚು ಉಪಯೋಗ.

ಸೂಜಿಯ ಭಯ

ಇದು ತೀರಾ ಸಾಮಾನ್ಯ, ಮತ್ತು ಇದರಲ್ಲೇ ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ವ್ಯತ್ಯಾಸ ಹೆಚ್ಚು. ನಮ್ಮಲ್ಲಿ ಹಲವು ಕಡೆ ಲಿಗ್ನೊಕೇನಿನ ಬಾಟಲಿಯಿಂದ ಮದ್ದನ್ನು ಸಾಧಾರಣ 2 ಮಿ.ಲೀ. ಸಿರಿಂಜಿಗೆ ಎಳೆದು ಕೊಡುತ್ತಾರೆ. ಅದರ ಸೂಜಿ ಸ್ವಲ್ಪ ದಪ್ಪ. ಇನ್ನು ಕೆಲವು ಕಡೆ ಹಲ್ಲಿಗೆಂದೇ ಮಾಡಿದ, ಮದ್ದು ಮೊದಲೇ ತುಂಬಿದ ಕೊಳವೆ ಕೂರಿಸುವ ಕಾರ್ಟ್ರಿಜ್ ಸಿರಿಂಜ್ ಇರುತ್ತದೆ. ಅದಕ್ಕೆ 27 ಅಥವಾ 30 ಗೇಜಿನ ಸೂಜಿ. ಗೇಜಿನ ಅಂಕಿ ಏರಿದಷ್ಟೂ ಸೂಜಿ ಸಪೂರ. "ಕಾರ್ಟ್ರಿಜ್ ಸೂಜಿ ಇದೆಯಾ?" ಎಂದು ಫೋನಿನಲ್ಲೇ ಕೇಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

ಆದರೆ ನೋವು ಸೂಜಿಯ ದಪ್ಪಕ್ಕಿಂತ ಹೆಚ್ಚಾಗಿ ಮದ್ದು ತಳ್ಳುವ ವೇಗದಿಂದ ಬರುತ್ತದೆ. ನಿಮಿಷಕ್ಕೆ ಸುಮಾರು 1 ಮಿ.ಲೀ.ಯಂತೆ ನಿಧಾನ ತಳ್ಳಿದರೆ ಒಳಗಿನ ಮಾಂಸ ಹಿಗ್ಗಲು ಸಮಯ ಸಿಗುತ್ತದೆ. ಅವಸರದಲ್ಲಿ ಹತ್ತು ಸೆಕೆಂಡಿನಲ್ಲಿ ತಳ್ಳಿದರೆ ಒಳಗಿಂದ ಸೀಳಿದ ಹಾಗಾಗುತ್ತದೆ. ಮೊದಲು ವಸಡನ್ನು ಹತ್ತಿಯಿಂದ ಒರಸಿ ಒಣಗಿಸಿ, ಮರಗಟ್ಟಿಸುವ ಜೆಲ್ ಹಚ್ಚಿ 1–2 ನಿಮಿಷ ಕಾಯಬೇಕು. ಒದ್ದೆ ವಸಡಿಗೆ ಹಚ್ಚಿ ಕೂಡಲೇ ಚುಚ್ಚಿದರೆ ಜೆಲ್ ಹಚ್ಚಿ ಫಲವಿಲ್ಲ. ಅಂಗುಳಿಗೆ ಕೊಡುವ ಇಂಜೆಕ್ಷನ್ ಮಾತ್ರ ಎಷ್ಟು ಜಾಗ್ರತೆ ಮಾಡಿದರೂ ನೋಯುತ್ತದೆ, ಏಕೆಂದರೆ ಅಲ್ಲಿ ಮಾಂಸ ಎಲುಬಿಗೆ ಬಿಗಿಯಾಗಿ ಅಂಟಿಕೊಂಡಿದೆ. ಚುಚ್ಚುವ ಜಾಗವನ್ನು ಮೊದಲೇ ಗಟ್ಟಿಯಾಗಿ ಒತ್ತಿ ಹಿಡಿದರೆ ಅಷ್ಟರ ಮಟ್ಟಿಗೆ ಕಡಿಮೆ.

ಮೇಲಿನ ಹಲ್ಲುಗಳ ಎಲುಬು ತೆಳು, ರಂಧ್ರಗಳಿರುವಂಥದು. ಹಲ್ಲಿನ ಪಕ್ಕ ಕೊಟ್ಟ ಮದ್ದು 2–3 ನಿಮಿಷದಲ್ಲಿ ಹಿಡಿಯುತ್ತದೆ. ಕೆಳಗಿನ ದವಡೆ ಹಲ್ಲುಗಳ ಎಲುಬು ದಪ್ಪ, ಮದ್ದು ಇಳಿಯುವುದಿಲ್ಲ. ಅದಕ್ಕೆ ಬಾಯಿಯ ಹಿಂದಿನ ಮೂಲೆಯಲ್ಲಿ ನರದ ಬುಡಕ್ಕೇ ಕೊಡಬೇಕು, 5 ನಿಮಿಷವಾದರೂ ಕಾಯಬೇಕು. ಈ ಇಂಜೆಕ್ಷನ್ ನುರಿತವರ ಕೈಯಲ್ಲೂ ಕೆಲವೊಮ್ಮೆ ತಪ್ಪುತ್ತದೆ. ಹತ್ತು ನಿಮಿಷ ಕಳೆದರೂ ಆ ಬದಿಯ ಕೆಳತುಟಿ ಜೋಮು ಹಿಡಿಯದಿದ್ದರೆ ಬಾಯಿಬಿಟ್ಟು ಹೇಳಿ. ತುಟಿ ಜೋಮಾಗಿದ್ದೂ ಹಲ್ಲು ನೋಯುವುದುಂಟು. ಆಗ ಹಲ್ಲಿನ ಸಂದಿಗೆ ಇನ್ನೊಂದು ಸಣ್ಣ ಪ್ರಮಾಣ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇಂಜೆಕ್ಷನ್ ಆದ ಕೂಡಲೇ ಎದೆ ಡವಡವ ಎಂದರೆ ಗಾಬರಿ ಬೇಡ. ಮದ್ದು ಬೇಗ ಕರಗದಿರಲು, ರಕ್ತ ಕಡಿಮೆ ಬರಲು ಅದರಲ್ಲಿ ಅಡ್ರಿನಾಲಿನ್ ಬೆರೆಸಿರುತ್ತಾರೆ. ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಇದನ್ನು ಅಲರ್ಜಿ ಎಂದು ತಿಳಿದು "ನನಗೆ ಮರಗಟ್ಟಿಸುವ ಇಂಜೆಕ್ಷನ್ ಆಗುವುದಿಲ್ಲ" ಎಂದು ವರ್ಷಗಟ್ಟಲೆ ಹೇಳಿಕೊಂಡು ಬರುವವರಿದ್ದಾರೆ. ಲಿಗ್ನೊಕೇನಿಗೆ ನಿಜವಾದ ಅಲರ್ಜಿ ತೀರಾ ಅಪರೂಪ. ಹೃದಯದ ಕಾಯಿಲೆ, ಬಿ.ಪಿ. ಇದ್ದರೆ ಮಾತ್ರ ಮೊದಲೇ ತಿಳಿಸಿ, ಪ್ರಮಾಣ ಬದಲಿಸುತ್ತಾರೆ.

ಸೂಜಿ, ರಕ್ತ ಕಂಡರೆ ತಲೆ ತಿರುಗಿ ಬೀಳುವವರ ಸಂಗತಿ ಬೇರೆ. ಉಳಿದ ಭಯಗಳಲ್ಲಿ ಬಿ.ಪಿ. ಏರುತ್ತದೆ, ಇವರಿಗೆ ಹಠಾತ್ತನೆ ಇಳಿಯುತ್ತದೆ. "ಮೈ ಸಡಿಲ ಬಿಡಿ" ಎನ್ನುವ ಸಲಹೆ ಇವರಿಗೆ ತಿರುಗಿ ಹೊಡೆಯುತ್ತದೆ. ಇವರು ಮಾಡಬೇಕಾದದ್ದು ತೋಳು, ಹೊಟ್ಟೆ, ತೊಡೆಯ ಸ್ನಾಯುಗಳನ್ನು 10–15 ಸೆಕೆಂಡು ಬಿಗಿ ಹಿಡಿದು, ಮುಖಕ್ಕೆ ಬಿಸಿ ಏರಿದಂತಾದಾಗ ಬಿಟ್ಟು, 20–30 ಸೆಕೆಂಡು ಬಿಡುವು ಕೊಟ್ಟು ಐದು ಸಲ ಪುನಃ ಮಾಡುವುದು. ಒಂದು ವಾರ ಮನೆಯಲ್ಲಿ ದಿನಾ ಅಭ್ಯಾಸ ಮಾಡಿ. ಕುರ್ಚಿಯನ್ನು ಮಲಗಿಸಿಯೇ ಇಂಜೆಕ್ಷನ್ ಕೊಡಲು ಹೇಳಿ. ಖಾಲಿ ಹೊಟ್ಟೆಯಲ್ಲಂತೂ ಹೋಗಲೇಬೇಡಿ.

ಡ್ರಿಲ್, ವಾಕರಿಕೆ, ಉಸಿರುಗಟ್ಟುವ ಭಯ

ಡ್ರಿಲ್ಲಿನ ಕೀಚುಧ್ವನಿಗೆ ಕಾರಣ ಗಾಳಿಯ ಒತ್ತಡದಿಂದ ನಿಮಿಷಕ್ಕೆ 3 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಚಿಕ್ಕ ಟರ್ಬೈನು. ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಲು ಹೆಚ್ಚಿನ ಡಾಕ್ಟರುಗಳ ಅಡ್ಡಿಯಿಲ್ಲ. ಹಾಡಿಗಿಂತ ಮಾತು ಮನಸ್ಸನ್ನು ಗಟ್ಟಿಯಾಗಿ ಹಿಡಿಯುತ್ತದೆ, ತಾಳಮದ್ದಳೆಯ ಒಂದು ಒಳ್ಳೆಯ ಸಂವಾದ ಇದಕ್ಕೆ ಹೇಳಿ ಮಾಡಿಸಿದ್ದು. ಡಾಕ್ಟರ ಮಾತು ಕೇಳುವಷ್ಟು ಶಬ್ದ ತಗ್ಗಿಸಿರಲಿ.

ಡ್ರಿಲ್ಲೇ ಬೇಡ ಎನ್ನುವವರಿಗೂ ಸಣ್ಣ ಹುಳುಕಿನಲ್ಲಿ ದಾರಿಯಿದೆ. ಚಮಚದಂಥ ಕೈಉಪಕರಣದಿಂದ ಕೊಳೆತ ಭಾಗ ಕೆರೆದು ಗ್ಲಾಸ್ ಅಯನೊಮರ್ ಎಂಬ ಸಿಮೆಂಟು ತುಂಬಿಸಬಹುದು. ಅಥವಾ 38 ಶೇಕಡಾದ ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರಾವಣ ಹಚ್ಚಿ ಹುಳುಕನ್ನು ಅಲ್ಲಿಗೇ ನಿಲ್ಲಿಸಬಹುದು. ಸೂಜಿಯಿಲ್ಲ, ಸದ್ದಿಲ್ಲ, ಒಂದೆರಡು ನಿಮಿಷದ ಕೆಲಸ. ಹುಳುಕಿನ ಜಾಗ ಶಾಶ್ವತವಾಗಿ ಕಪ್ಪಾಗುವುದು ಅದರ ದೋಷ. ಎದುರಿನ ಹಲ್ಲಿಗೆ ಯಾರೂ ಒಪ್ಪುವುದಿಲ್ಲ. ಮಕ್ಕಳ ಹಾಲುಹಲ್ಲಿಗೆ, ಹಾಸಿಗೆ ಹಿಡಿದ ಹಿರಿಯರ ದವಡೆ ಹಲ್ಲಿಗೆ ಇದನ್ನು ಧಾರಾಳ ಶಿಫಾರಸು ಮಾಡಬಹುದು. ನೋವು ಈಗಾಗಲೇ ರಾತ್ರಿ ಎಬ್ಬಿಸುತ್ತಿದ್ದರೆ ಇವೆರಡೂ ಉಪಯೋಗವಿಲ್ಲ.

ವಾಕರಿಕೆ ಬರುವವರು ಮಧ್ಯಾಹ್ನ ಊಟ ಮುಗಿಸಿ ಹೋಗುವುದು ಬೇಡ, ಬೆಳಗಿನ ತಿಂಡಿ ತಿಂದು ಎರಡು ಗಂಟೆ ಕಳೆದ ಮೇಲಿನ ಸಮಯ ಕೇಳಿ. ಕುರ್ಚಿ ಪೂರ್ತಿ ಮಲಗಿಸುವುದು ಬೇಡ ಎನ್ನಿ. ಎಕ್ಸ್‌ರೇ ತೆಗೆಯುವಾಗ ಮೂಗಿನಿಂದ ಉಸಿರಾಡುತ್ತ ಒಂದು ಕಾಲನ್ನು ಸ್ವಲ್ಪ ಮೇಲೆತ್ತಿ ಹಿಡಿದರೆ ಗಮನ ಅತ್ತ ಹೋಗುತ್ತದೆ. ನಾಲಿಗೆಯ ತುದಿಗೆ ಚಿಟಿಕೆ ಉಪ್ಪು ಹಾಕುವುದೂ ಹಲವರಿಗೆ ಫಲ ಕೊಡುತ್ತದೆ. ರೂಟ್ ಕೆನಾಲಿನಲ್ಲಿ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರೆ ನೀರು ಗಂಟಲಿಗೆ ಹೋಗುವುದಿಲ್ಲ. ಉಸಿರುಗಟ್ಟುವ ಭಯದವರಿಗೆ ಅದೇ ಹಾಳೆ ಭಯ ಹುಟ್ಟಿಸಬಹುದು, ಆದ್ದರಿಂದ ಮೊದಲೇ ಹೇಳಿಬಿಡಿ.

ಬೈಗುಳದ ಭಯ

ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ ತಿನ್ನುವವರು "ಬಾಯಿ ನೋಡಿದರೆ ಬೈಯುತ್ತಾರೆ" ಎಂದೇ ದೂರ ಉಳಿಯುತ್ತಾರೆ. ಅಡಿಕೆ ಬೆಳೆಯುವ ನಮ್ಮ ಊರುಗಳಲ್ಲಿ ಈ ಭಯ ಉಳಿದವುಗಳಿಗಿಂತ ಅಪಾಯಕಾರಿ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ನಾರುನಾರಾಗಿ ಬಿಗಿಯುವ ಕಾಯಿಲೆ ಬರುತ್ತದೆ. ಮೊದಲು ಖಾರ ತಾಗಿದರೆ ಉರಿ, ಆಮೇಲೆ ಬಾಯಿ ತೆರೆಯುವುದು ಕಡಿಮೆಯಾಗುತ್ತ ಬರುತ್ತದೆ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ತೂರಿಸಿ ನೋಡಿ. ಎರಡೇ ಹಿಡಿದರೆ ತಡ ಮಾಡಬೇಡಿ. ಇದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಬಾಯಿ ಪೂರ್ತಿ ಬಿಗಿದ ಮೇಲೆ ಹಲ್ಲಿಗೆ ಉಪಕರಣ ಹಾಕುವುದೂ ಕಷ್ಟ.

ಈ ಭಯಕ್ಕೆ ಮದ್ದು ಆಯ್ಕೆಯಲ್ಲಿದೆ: ಮೊದಲ ಭೇಟಿಯನ್ನು ಬರೇ ನೋಡಿಸಲಿಕ್ಕೆಂದು ಇಟ್ಟುಕೊಳ್ಳಿ. "ಇವತ್ತು ಏನೂ ಮಾಡಿಸುವುದಿಲ್ಲ, ನೋಡಿ ಹೇಳಿ ಸಾಕು" ಎಂದು ಬಾಗಿಲಲ್ಲೇ ಹೇಳಿ. ಡಾಕ್ಟರು ಗೌರವದಿಂದ ಮಾತಾಡಿದರೆ ಮುಂದಿನ ದಿನ ಗೊತ್ತು ಮಾಡಿ. ಗದರಿದರೆ ಬೇರೆಯವರನ್ನು ನೋಡುವ ಹಕ್ಕು ನಿಮ್ಮದು.

ಮದ್ದುಗಳ ಹೋಲಿಕೆ

ಮರಗಟ್ಟಿಸುವ ಇಂಜೆಕ್ಷನ್ ಒಂದೇ ಸಾಕಾಗುವವರೇ ಬಹುಪಾಲು. ನಿಧಾನ ಕೊಟ್ಟು, ಕಾಯ್ದು, ಕೈ ಎತ್ತಿದರೆ ಕೆಲಸ ನಿಲ್ಲಿಸುವ ಒಪ್ಪಂದವಿದ್ದರೆ ತೀವ್ರ ಭಯದವರಲ್ಲೂ ಅನೇಕರು ಇಷ್ಟರಲ್ಲೇ ದಾಟುತ್ತಾರೆ. ಎಷ್ಟು ಮರಗಟ್ಟಿದರೂ ಹಲ್ಲು ಕೀಳುವಾಗ ಒತ್ತಡ, ಎಳೆತ ತಿಳಿಯುತ್ತದೆ. ಅದು ಮದ್ದು ಹಿಡಿಯದ ಲಕ್ಷಣವಲ್ಲ. ಚುಚ್ಚಿದಂಥ ನೋವಾದರೆ ಮಾತ್ರ ಕೈ ಎತ್ತಿ.

ಅದರ ಮೇಲಿನ ಮೆಟ್ಟಿಲು ನೈಟ್ರಸ್ ಆಕ್ಸೈಡ್ ಗ್ಯಾಸ್. ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ 1844ರಲ್ಲಿ ತನ್ನ ಹಲ್ಲನ್ನೇ ಇದರ ಸಹಾಯದಿಂದ ಕೀಳಿಸಿಕೊಂಡಿದ್ದರು. ಈಗ ಆಕ್ಸಿಜನ್ನಿನೊಂದಿಗೆ ಬೆರೆಸಿ, ಸಾಮಾನ್ಯವಾಗಿ 30–50 ಶೇಕಡಾ ಪ್ರಮಾಣದಲ್ಲಿ, ಮೂಗಿನ ಮೇಲಿನ ಮಾಸ್ಕ್ ಮೂಲಕ ಕೊಡುತ್ತಾರೆ. ಕೆಲವೇ ನಿಮಿಷದಲ್ಲಿ ಮೈ ಹಗುರಾಗುತ್ತದೆ, ಎಚ್ಚರ ಇರುತ್ತದೆ, ವಾಕರಿಕೆಯೂ ತಗ್ಗುತ್ತದೆ. ಮುಗಿದ ಮೇಲೆ 5 ನಿಮಿಷ ಬರೇ ಆಕ್ಸಿಜನ್ ಕೊಟ್ಟರೆ ಅಮಲು ಇಳಿಯುತ್ತದೆ. ಶೀತವಾಗಿ ಮೂಗು ಕಟ್ಟಿದ್ದರೆ, ಗರ್ಭದ ಮೊದಲ ಮೂರು ತಿಂಗಳಲ್ಲಿ, ಬಿ12 ಕೊರತೆ ಇದ್ದವರಿಗೆ, ಇತ್ತೀಚೆಗೆ ಕಣ್ಣಿನ ಅಕ್ಷಿಪಟಲದ ಅಥವಾ ಕಿವಿಯ ಆಪರೇಷನ್ ಆದವರಿಗೆ ಬೇಡ. ಎಲ್ಲ ಕ್ಲಿನಿಕ್‌ಗಳಲ್ಲಿ ಇದು ಇರುವುದಿಲ್ಲ. ದಂತ ಕಾಲೇಜುಗಳ ಮಕ್ಕಳ ವಿಭಾಗದಲ್ಲಿ, ದೊಡ್ಡ ಕ್ಲಿನಿಕ್‌ಗಳಲ್ಲಿ ಸಿಗುವ ಸಂಭವ ಹೆಚ್ಚು.

ಹೆದರಿಕೆ ತಗ್ಗಿಸುವ ಮಾತ್ರೆ ಅಗ್ಗ, ಸುಲಭ. ಡಯಜಿಪಾಮ್, ಅಲ್ಪ್ರಜೋಲಾಮ್‌ನಂಥವನ್ನು ಸುಮಾರು ಒಂದು ಗಂಟೆ ಮೊದಲು ಕೊಡುತ್ತಾರೆ. ಆದರೆ ಒಬ್ಬರಿಗೆ ಸಾಲದ ಪ್ರಮಾಣ ಇನ್ನೊಬ್ಬರಿಗೆ ಅತಿಯಾಗುತ್ತದೆ, ನುಂಗಿದ ಮೇಲೆ ಹೆಚ್ಚುಕಡಿಮೆ ಮಾಡಲಾಗುವುದಿಲ್ಲ. ಗ್ಯಾಸಿಗೆ ಈ ತೊಂದರೆಯಿಲ್ಲ. ಎರಡೂ ಸಿಗುವಲ್ಲಿ ಗ್ಯಾಸೇ ಮೇಲು ಎಂದು ನಮ್ಮ ಅಭಿಪ್ರಾಯ. ಮಾತ್ರೆ ತೆಗೆದುಕೊಂಡವರು ಒಬ್ಬರೇ ಬರಬಾರದು, 24 ಗಂಟೆ ಸ್ಕೂಟರ್ ಹತ್ತಬಾರದು, ಮದ್ಯ ಮುಟ್ಟಬಾರದು. ನಿದ್ದೆಯಲ್ಲಿ ಗೊರಕೆ ಹೊಡೆದು ಉಸಿರು ನಿಂತಂತಾಗುವವರು, ವಯಸ್ಸಾದವರು ಡಾಕ್ಟರಿಗೆ ಹೇಳದೆ ತೆಗೆದುಕೊಳ್ಳಲೇಬಾರದು. ಪಕ್ಕದ ಮನೆಯವರ ಚೀಟಿಯ ಮಾತ್ರೆ ಬೇಡವೇ ಬೇಡ.

ರಕ್ತನಾಳಕ್ಕೆ ಮಿಡಜೋಲಾಮ್ ಕೊಟ್ಟು ಮಂಪರು ಬರಿಸುವುದಕ್ಕೆ ಅರಿವಳಿಕೆ ತಜ್ಞರು, ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್, ತುರ್ತು ಮದ್ದು ಇರಬೇಕು. 6 ಗಂಟೆ ಉಪವಾಸ, ಬರೇ ನೀರಾದರೆ 2 ಗಂಟೆ ಮೊದಲಿನ ತನಕ. ಎಲುಬಿನೊಳಗೆ ಹೂತ ಬುದ್ಧಿಹಲ್ಲು ತೆಗೆಸುವವರಿಗೆ ಇದು ಒಳ್ಳೆಯ ಆಯ್ಕೆ. ಮರಗಟ್ಟಿಸುವ ಇಂಜೆಕ್ಷನ್ ಆಗಲೂ ಕೊಡುತ್ತಾರೆ, ನಿಮಗೆ ನೆನಪು ಉಳಿಯುವುದಿಲ್ಲ ಅಷ್ಟೆ. ಪೂರ್ತಿ ಪ್ರಜ್ಞೆ ತಪ್ಪಿಸುವುದು ಬಾಯಿ ತುಂಬ ಹುಳುಕಿರುವ ಪುಟ್ಟ ಮಕ್ಕಳಿಗೆ, ಸಹಕರಿಸಲಾಗದ ವಿಶೇಷಚೇತನರಿಗೆ ಸರಿ. ಒಂದು ಹಲ್ಲಿಗಾಗಿ, ಬರೇ ಹೆದರಿಕೆಯ ಕಾರಣಕ್ಕೆ ಅದನ್ನು ಆರಿಸುವುದು ಒಳ್ಳೆಯದಲ್ಲ. ಅಪಾಯವೂ ಖರ್ಚೂ ಹಲ್ಲಿನ ಕೆಲಸವನ್ನೇ ಮೀರುತ್ತದೆ, ಮುಂದಿನ ಸಲಕ್ಕೆ ಭಯ ಹಾಗೆಯೇ ಉಳಿದಿರುತ್ತದೆ.

ಎಲ್ಲಿಗೆ ಹೋಗುವುದು?

ಕಾಸರಗೋಡಿನ ಜನರಲ್ ಆಸ್ಪತ್ರೆಯಂಥ ಸರಕಾರಿ ಆಸ್ಪತ್ರೆಯಲ್ಲಿ ಖರ್ಚು ಕಡಿಮೆ, ಹಲ್ಲು ಕೀಳುವ ಕೈ ಪಳಗಿರುತ್ತದೆ. ಬೆಳಗ್ಗಿನ ಒ.ಪಿ.ಯಲ್ಲಿ ಸರತಿ ಉದ್ದ, ಒಬ್ಬೊಬ್ಬರಿಗೆ ಸಿಗುವ ಸಮಯ ಕಡಿಮೆ. ಕಾಯುವಾಗಲೇ ಅರ್ಧ ಜೀವವಾಗುವವರಿಗೆ ಇದು ಕಠಿಣ. ಬಾಗಿಲು ತೆರೆಯುವ ಮುನ್ನವೇ ಹೋಗಿ ಮೊದಲ ಚೀಟಿಗಳಲ್ಲಿ ಸೇರಿಕೊಂಡರೆ ಕಷ್ಟ ಅಷ್ಟು ಕಡಿಮೆ.

ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದಂಥ ಪೇಟೆಗಳ ಖಾಸಗಿ ಕ್ಲಿನಿಕ್‌ನ ಗುಣವೆಂದರೆ ಪ್ರತಿ ಸಲ ಅದೇ ಡಾಕ್ಟರು, ಗೊತ್ತುಮಾಡಿದ ಸಮಯ. ಹೆದರುವವರಿಗೆ ಪರಿಚಿತ ಮುಖ ದೊಡ್ಡ ಆಸರೆ. ಆದರೆ ರೂಟ್ ಕೆನಾಲಿಗೆ, ಬುದ್ಧಿಹಲ್ಲಿಗೆ ಹಲವು ಕ್ಲಿನಿಕ್‌ಗಳಿಗೆ ತಜ್ಞರು ವಾರದ ಒಂದು ದಿನ ಹೊರಗಿನಿಂದ ಬರುತ್ತಾರೆ. ನೀವು ಒಗ್ಗಿಕೊಂಡ ಡಾಕ್ಟರೇ ಮಾಡುತ್ತಾರೆಯೇ ಎಂದು ಮುಂಚೆ ಕೇಳಿ. ಆ ದಿನ ಗಡಿಬಿಡಿಯೂ ಹೆಚ್ಚು.

ದಂತ ಕಾಲೇಜು ಬೇಕಾದರೆ ಜಿಲ್ಲೆಯೊಳಗೆ ಪೊಯಿನಾಚಿಯಲ್ಲಿದೆ. ಮಂಜೇಶ್ವರ ಕಡೆಯವರಿಗೆ ತೊಕ್ಕೊಟ್ಟಿನಿಂದ ಒಳಗೆ ದೇರಳಕಟ್ಟೆಯ ಎರಡು ಕಾಲೇಜುಗಳು ಹತ್ತಿರ, ಮುಳ್ಳೇರಿಯ, ಆದೂರಿನವರಿಗೆ ಜಾಲ್ಸೂರು ದಾರಿಯಾಗಿ ಸುಳ್ಯ. ಕಾಲೇಜಿನಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಕೆಲಸ ಮಾಡುತ್ತಾರೆ. ಪ್ರತಿ ಹಂತಕ್ಕೂ ಒಪ್ಪಿಗೆ ಪಡೆಯಬೇಕಾದ್ದರಿಂದ ನಿಧಾನ, ಕ್ಲಿನಿಕ್‌ನಲ್ಲಿ ಒಂದೆರಡು ಸಲದಲ್ಲಿ ಮುಗಿಯುವ ರೂಟ್ ಕೆನಾಲಿಗೆ ಇಲ್ಲಿ ಹೆಚ್ಚು ಸಲ ಅಲೆಯಬೇಕಾದೀತು. ಅವಸರಕ್ಕೆ ಹೆದರುವವರಿಗೆ ಈ ನಿಧಾನವೇ ವರ. ಸಾಲು ಕುರ್ಚಿಗಳ ದೊಡ್ಡ ಕೋಣೆಯಲ್ಲಿ ಪಕ್ಕದವರ ನರಳಾಟ ಕೇಳಿಸುವುದು ಅದರ ಮತ್ತೊಂದು ಮುಖ. ತೀವ್ರ ಭಯದವರು, ಮಂಪರು ಬೇಕಾದವರು ನೇರ ಸ್ನಾತಕೋತ್ತರ ವಿಭಾಗವನ್ನು ಕೇಳಿ. ಗಡಿ ದಾಟುವವರು ಆರೋಗ್ಯ ಕಾರ್ಡು ಆಚೆ ನಡೆಯುತ್ತದೆಯೇ ಎಂದು ಹೊರಡುವ ಮುನ್ನ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಭಾಷೆಯೂ ಆಯ್ಕೆಯ ಭಾಗವೇ. ಮಲಯಾಳವೋ ತುಳುವೋ ಅರ್ಧಂಬರ್ಧ ಬರುವ ಹಿರಿಯರಿಗೆ, ಕುರ್ಚಿಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದಿರುವುದೇ ಅರ್ಧ ಹೆದರಿಕೆ. ಕನ್ನಡ ಬರುವ ಡಾಕ್ಟರೋ ನರ್ಸೋ ಇದ್ದಾರೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಮನೆಯವರೊಬ್ಬರು ಒಳಗೇ ನಿಲ್ಲಲು ಅನುಮತಿ ಕೇಳಿ. ಎಡಗೈ ಎತ್ತಿದರೆ ನಿಲ್ಲಿಸಬೇಕು ಎಂಬ ಗುರುತನ್ನು ಬಾಯಿ ತೆರೆಯುವ ಮೊದಲೇ ಮಾಡಿಕೊಳ್ಳಿ, ಒಮ್ಮೆ ಸುಮ್ಮನೆ ಎತ್ತಿ ನೋಡಿ. ಡಾಕ್ಟರು ನಿಜವಾಗಿ ನಿಲ್ಲಿಸಿದರೆ ಉಳಿದ ಸಮಯ ಸುಲಭವಾಗಿ ಸಾಗುತ್ತದೆ.

ಮಕ್ಕಳಿಗೆ "ಹಠ ಮಾಡಿದರೆ ಡಾಕ್ಟರು ಇಂಜೆಕ್ಷನ್ ಚುಚ್ಚುತ್ತಾರೆ" ಎಂದು ಹೆದರಿಸುವುದನ್ನು ಇವತ್ತೇ ಬಿಡಿ. "ನೋವೇ ಆಗುವುದಿಲ್ಲ" ಎಂದು ಸುಳ್ಳು ಹೇಳುವುದೂ ಬೇಡ. ಹೇಳಿ, ತೋರಿಸಿ, ಆಮೇಲೆ ಮಾಡುವ ಡಾಕ್ಟರನ್ನು ಹುಡುಕಿ. ಮರಗಟ್ಟಿದ ತುಟಿಯನ್ನು ಮಕ್ಕಳು ಅರಿವಿಲ್ಲದೆ ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ, ಮೂರು ಗಂಟೆಯಾದರೂ ಕಣ್ಣಿಟ್ಟಿರಬೇಕು.

ವಾಕರಿಕೆ ಬರುವವರನ್ನು ಬಿಟ್ಟು ಉಳಿದವರು ಹೋಗುವ ದಿನದ ಮೊದಲ ಸಮಯವನ್ನೇ ಕೇಳಿ. ಉಪವಾಸ ಹೇಳಿಲ್ಲದಿದ್ದರೆ ತಿಂಡಿ ತಿಂದು, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸದೆ, ದಿನಾ ತೆಗೆದುಕೊಳ್ಳುವ ಮದ್ದಿನ ಚೀಟಿಯೊಂದಿಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಹಲ್ಲು ತೆಗೆಸಿದ ಮೇಲೆ ಹತ್ತಿಯನ್ನು 30–45 ನಿಮಿಷ ಕಚ್ಚಿ ಹಿಡಿಯಿರಿ, 24 ಗಂಟೆ ಜೋರಾಗಿ ಉಗುಳುವುದು, ಸ್ಟ್ರಾದಲ್ಲಿ ಹೀರುವುದು, ಬೀಡಿ, ಎಲೆಅಡಿಕೆ ಬೇಡ. ಮರಗಟ್ಟಿದ್ದು ಬಿಡುವ ಮೊದಲೇ, ಬರೆದುಕೊಟ್ಟ ನೋವಿನ ಮಾತ್ರೆ ತೆಗೆದುಕೊಳ್ಳಿ. ಕಡಿಮೆಯಾಗುತ್ತಿದ್ದ ನೋವು ಮೂರನೆಯ ದಿನ ಕಿವಿಯ ತನಕ ಎಳೆದಂತೆ ಏರಿದರೆ ಗುಳಿಯ ರಕ್ತದ ಹೆಪ್ಪು ಉದುರಿ ಎಲುಬು ತೆರೆದುಕೊಂಡಿದೆ ಎಂದು ತಿಳಿಯಿರಿ. ಅದಕ್ಕೆ ಗುಳಿ ತೊಳೆದು ಮದ್ದಿನ ಪಟ್ಟಿ ಇಡುತ್ತಾರೆ, ಹೆಚ್ಚಾಗಿ ಇಂಜೆಕ್ಷನ್ ಬೇಕಾಗುವುದಿಲ್ಲ, ಕೆಲವೇ ಗಂಟೆಗಳಲ್ಲಿ ನೋವು ತಗ್ಗುತ್ತದೆ. ಆ ದಿನವೇ ವಾಪಸು ಹೋಗಿ.